ಕನ್ನಡಿಯಂಥ ಅರೆಯುವ ಕಲ್ಲು

ಸಾನ್ ಮೆಲ್ಚೋರ್ ಊರಿನಲ್ಲಿ ಒರಟಾದ ವಸ್ತು ಯಾವುದಾದರೂ ಉಳಿದುಕೊಂಡಿದ್ದರೆ, ಅದಿನ್ನೂ ಫಿದೆನ್ಸಿಯೊನ ಕಣ್ಣಿಗೆ ಬಿದ್ದಿಲ್ಲ ಎಂದೇ ತಿಳಿಯಬೇಕು. ನೆಲಕ್ಕೆ ಪಾಲಿಶ್ ಹೊಡೆಯುವುದು ಅವನ ಕಸುಬು. ಕಸುಬು ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಅವನ ಪ್ರಕಾರ ಅದೊಂದು ತತ್ವ. ದೇವರು ಆರು ದಿನ ದುಡಿದು ಲೋಕವನ್ನು ಮಾಡಿದ, ಏಳನೆಯ ದಿನ ಪಾಲಿಶ್ ಹೊಡೆಯಬೇಕಿತ್ತು, ಪಾಪ ಸುಸ್ತಾಗಿ ಮಲಗಿಬಿಟ್ಟ, ಉಳಿದ ಕೆಲಸ ತನ್ನ ಪಾಲಿಗೆ ಬಂದಿದೆ ಎಂದು ಅವನು ಗಂಭೀರವಾಗಿಯೇ ನಂಬಿದ್ದ.

ಇಂಥ ತೃಪ್ತ ಮನುಷ್ಯನಿಗೂ ಒಂದು ಕೊರಗಿತ್ತು. ತಲೆ ನರೆತರೂ ಯಾರೂ ಅವನನ್ನು ಪಾದ್ರಿನೊ, ಅಂದರೆ ಧರ್ಮತಂದೆ, ಆಗು ಎಂದು ಕರೆದಿರಲಿಲ್ಲ. ಬೇರೆಯವರ ಮಗುವಿನ ನಾಮಕರಣಕ್ಕೋ ಮದುವೆಗೋ ಪಾದ್ರಿನೊ ಆಗಿ ನಿಂತವನು ಆ ಮಗುವಿನ ತಂದೆಗೆ ಜೀವಮಾನವಿಡೀ ಕೊಂಪಾದ್ರೆ. ಒಡಹುಟ್ಟಿದವರ ಜೊತೆ ಜಗಳವಾಡಬಹುದು, ಕೊಂಪಾದ್ರೆಯ ಜೊತೆ ಆಡುವಂತಿಲ್ಲ. ಬೀದಿಯಲ್ಲಿ ಯಾರಾದರೂ "ಏ ಕೊಂಪಾದ್ರೆ!" ಎಂದು ಕೂಗಿದರೆ ಇಡೀ ಬೀದಿಯೇ ತಿರುಗುತ್ತಿತ್ತು. ಫಿದೆನ್ಸಿಯೊನೂ ತಿರುಗುತ್ತಿದ್ದ. ಕರೆದದ್ದು ಯಾವಾಗಲೂ ಇನ್ನೊಬ್ಬನನ್ನು.

ಆದ್ದರಿಂದ ಬಾಲ್ಯದ ಗೆಳೆಯ ಅರ್ನುಲ್ಫೊ ಒಂದು ಬೆಳಿಗ್ಗೆ ಮೆಸ್ಕಾಲ್ ಸಾರಾಯಿ ಬಾಟಲಿ, ಒಂದು ಬುಟ್ಟಿ ಬ್ರೆಡ್ಡು ಹಿಡಿದುಕೊಂಡು ಬಾಗಿಲಲ್ಲಿ ನಿಂತಾಗ ಫಿದೆನ್ಸಿಯೊ, "ಪಕ್ಕದ್ಮನೆ ಅಲ್ಲಿದೆ" ಎಂದು ಕೈ ತೋರಿಸಿದ.

"ಪಕ್ಕದ್ಮನೆಗಲ್ಲ ಕಣೋ, ನಿನ್ಹತ್ರಾನೇ ಬಂದಿದೀನಿ. ನನ್ನ ಮಗಳು ಒಬ್ದೂಲಿಯಾ ಮದುವೆಗೆ ಅರೆಯೋ ಕಲ್ಲು ಕೊಡೋ ಪಾದ್ರಿನೊ ನೀನಾಗ್ಬೇಕು."

ಫಿದೆನ್ಸಿಯೊ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಕೋಳಿ ಬಿಟ್ಟರೆ ಯಾರೂ ಇರಲಿಲ್ಲ.

"ಆದ್ರೆ ಒಂದ್ಮಾತು," ಎಂದ ಅರ್ನುಲ್ಫೊ. "ನಿನ್ನ ಎಡವಟ್ಟು ನನಗೆ ಗೊತ್ತು. ಹೆಂಡ್ತಿ ಬೇಡ ಅಂತ ಬಡ್ಕೊಂಡ್ಳು, ನಾನೇ ಹಟ ಹಿಡಿದೆ. ಕಲ್ಲು ಗಂಡಿನ ಮನೆ ಸೇರಿ, ಗಂಡಿನ ಅಜ್ಜಿ ಕ್ರಿಸಾಂತಾ ಸೈ ಅನ್ನಲಿ. ಆಮೇಲೆ ಊರೆಲ್ಲ ಕೇಳೋ ಹಾಗೆ ಕೊಂಪಾದ್ರೆ ಅಂತ ಕರೀತೀನಿ. ಅಲ್ಲೀವರೆಗೂ ನೀನು ಬರೀ ಫಿದೆನ್ಸಿಯೊ."

ಅವತ್ತೇ ಫಿದೆನ್ಸಿಯೊ ತ್ಲಾಕೊಲೂಲಾ ಸಂತೆಗೆ ಓಡಿದ. ಮೂರು ಕಾಲಿನ, ಮುಂದಕ್ಕೆ ಬಾಗಿದ ಅರೆಯುವ ಕಲ್ಲುಗಳನ್ನು ಸಾಲಾಗಿ ಇಟ್ಟುಕೊಂಡಿದ್ದ ಕಲ್ಲುಕುಟಿಗನ ಬಳಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿದ. ಅಂಗೈ ಆಡಿಸಿ ನೋಡಿದ. ಮೈತುಂಬ ಉಳಿಯ ಚುಕ್ಕೆ, ಗರಗರ.

"ಇದು ಯಾವಾಗ ಮುಗಿಯುತ್ತೆ?" ಎಂದು ಕೇಳಿದ.

"ಮುಗಿದಿದೆ," ಎಂದ ಕಲ್ಲುಕುಟಿಗ.

ಫಿದೆನ್ಸಿಯೊಗೆ ಆ ಮನುಷ್ಯನ ಮೇಲೆ ಕನಿಕರ ಉಂಟಾಯಿತು. ಅರ್ಧ ಕೆಲಸ ಮಾಡಿ ಮುಗಿಯಿತು ಎನ್ನುವ ಸೋಮಾರಿಗಳಿಂದಲೇ ದೇಶ ಹೀಗಾಗಿರುವುದು ಎಂದುಕೊಂಡು ಕಲ್ಲನ್ನು ಹೊತ್ತು ತಂದ.

ಇಲ್ಲಿ ಅವನ ಪರವಾಗಿ ಒಂದು ಮಾತು ಹೇಳಬೇಕು. ಆ ಊರಿನಲ್ಲಿ ಗಂಡಸು ಅರೆಯುವ ಕಲ್ಲಿನ ಹತ್ತಿರ ಸುಳಿಯುವುದಿಲ್ಲ. ಮಂಡಿಯೂರಿ ಜೋಳ ಅರೆದ ಗಂಡಸಿಗೆ ಮೀಸೆ ಉದುರುತ್ತದೆ ಎಂದು ಹುಡುಗರನ್ನು ಹೆದರಿಸಿ ಬೆಳೆಸುತ್ತಾರೆ. ಫಿದೆನ್ಸಿಯೊ ಕಣ್ಣಾರೆ ಕಂಡಿದ್ದ ಒಂದೇ ಕಲ್ಲು ಅವನ ಅಜ್ಜಿಯ ಕಾಲದ್ದು. ಅದು ಸವೆದು ಸವೆದು ಫಳಫಳ ಹೊಳೆಯುತ್ತಿತ್ತು. ಅದಕ್ಕೆ ಉಳಿಪೆಟ್ಟು ಹಾಕಿಸಿಕೊಡು ಎಂದು ಹೆಂಡತಿ ಹೊವಿತಾ ವರ್ಷಗಟ್ಟಲೆ ಗೋಗರೆದದ್ದು ಅವನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟಿತ್ತು. ಒಳ್ಳೆಯ ಕಲ್ಲು ಎಂದರೆ ಹೊಳೆಯುವ ಕಲ್ಲು, ಮೊಮ್ಮಕ್ಕಳ ಕಾಲಕ್ಕೆ ಬರುವ ಹೊಳಪನ್ನು ತಾನು ಮೊದಲೇ ಕೊಟ್ಟುಬಿಟ್ಟರೆ ಅದಕ್ಕಿಂತ ದೊಡ್ಡ ಉಡುಗೊರೆ ಯಾವುದು ಎಂದು ಅವನು ಲೆಕ್ಕ ಹಾಕಿದ. ತಿದ್ದಬೇಕಾದ ಹೊವಿತಾ ಮದುವೆಯ ಮೆಣಸಿನಕಾಯಿ ಬಿಡಿಸಲು ಅರ್ನುಲ್ಫೊನ ಮನೆ ಸೇರಿದ್ದಳು.

ಮನೆಯಲ್ಲಿದ್ದ ಸಾಣೆ ಬಿಲ್ಲೆಗಳು ಆ ಕಲ್ಲಿಗೆ ಹಲ್ಲು ಊರಲಿಲ್ಲ. ಫಿದೆನ್ಸಿಯೊ ಬಸ್ಸು ಹತ್ತಿ ಪುಯೆಬ್ಲಾ ನಗರಕ್ಕೇ ಹೋಗಿ, ಹೊಸ ಬಿಲ್ಲೆಗಳ ಭಾರದ ಪೆಟ್ಟಿಗೆ ಹೊತ್ತು ಬಂದ. ಬಸ್ ನಿಲ್ದಾಣದಲ್ಲಿ ಕೂತಿದ್ದವರು, "ಏನಯ್ಯಾ ಅದು ಪುಯೆಬ್ಲಾದಿಂದ?" ಎಂದರು.

"ಈಗ ಹೇಳಲ್ಲ. ಮದುವೆ ದಿನ ನೋಡಿ ಬಾಯ್ಬಿಡ್ತೀರ," ಎಂದ ಅವನು.

ಇದೊಂದು ಮಾತು ನಿಜವಾಯಿತು.

ಅಲ್ಲಿಂದ ಮದುವೆಯವರೆಗೆ ಅವನ ಬಾಗಿಲು ಹಾಕಿತ್ತು, ಒಳಗೆ ಯಂತ್ರ ಗುರುಗುಡುತ್ತಿತ್ತು. ಕೊನೆಗೆ ಕಲ್ಲಿನ ಬದಿಗೆ ಕೆಂಪು ಹೂವು, ನೀಲಿ ಹಕ್ಕಿ, ಮದುಮಗಳ ಹೆಸರು ಎಲ್ಲ ಬರೆದು, ಮೇಲ್ಮೈಯಲ್ಲಿ ತನ್ನ ಮುಖ ನೋಡಿಕೊಂಡು ಫಿದೆನ್ಸಿಯೊ ಮೀಸೆ ತಿದ್ದಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು ಎಂದರೆ ನಂಬಬೇಕು.

ಮದುವೆಯ ದಿನ ಪಾದ್ರಿನೊ ಆದವನು ಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡು, ಬ್ಯಾಂಡಿನ ಹಿಂದೆ ಕುಣಿಯುತ್ತ ಗಂಡಿನ ಮನೆಗೆ ಹೋಗಬೇಕು. ಫಿದೆನ್ಸಿಯೊ ಕುಣಿದ. ಕಸೂತಿ ಬಟ್ಟೆ ಹೊದ್ದ ಕಲ್ಲು ಹಗ್ಗದಿಂದ ಜಾರಿ ಜಾರಿ ಸೊಂಟಕ್ಕೆ ಇಳಿಯುತ್ತಿತ್ತು. ಅದನ್ನು ಮೇಲಕ್ಕೆ ಎತ್ತಲು ಅವನು ಹೆಜ್ಜೆಗೊಮ್ಮೆ ಎಗರುತ್ತಿದ್ದ. ಇಷ್ಟು ಹುರುಪಿನ ಪಾದ್ರಿನೊವನ್ನು ಈ ಊರು ಕಂಡಿರಲಿಲ್ಲ ಎಂದು ಜನ ಚಪ್ಪಾಳೆ ತಟ್ಟಿದರು.

ಗಂಡಿನ ಅಂಗಳದಲ್ಲಿ ಅಜ್ಜಿ ಕ್ರಿಸಾಂತಾ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಮದುಮಗ ಇಸಾಯಾಸ್ ಅವಳ ಮೊಮ್ಮಗ; ಪುಯೆಬ್ಲಾದ ಬೇಕರಿಯೊಂದರಲ್ಲಿ ಕೆಲವು ವರ್ಷ ದುಡಿದು ಬಂದ ಸಾಧು ಹುಡುಗ. ಬಟ್ಟೆ ಸರಿಸಿದರು. ಕಲ್ಲು ಬಿಸಿಲಿಗೆ ಫಳಾರನೆ ಮಿಂಚಿತು. ಅಜ್ಜಿ ಕೈ ಇಟ್ಟಳು. ಕೈ ಸರ್ರನೆ ಜಾರಿ ಆಚೆ ಬದಿಗೆ ಹೋಯಿತು. ಇನ್ನೊಮ್ಮೆ ಇಟ್ಟಳು, ಮತ್ತೆ ಜಾರಿತು. ಬ್ಯಾಂಡಿನವರು ತಾವಾಗಿಯೇ ನಿಲ್ಲಿಸಿದರು.

ಮೆಚ್ಚಿ ಮಾತು ನಿಂತುಹೋಗಿದೆ ಎಂದುಕೊಂಡ ಫಿದೆನ್ಸಿಯೊ ಎದೆಯುಬ್ಬಿಸಿ ನಿಂತ.

"ಕೊಕೊ ತನ್ನಿ," ಎಂದಳು ಅಜ್ಜಿ. ಹಿರಿಯರಿಗೆ ಮೊದಲ ಚಾಕಲೇಟು ಮದುಮಗಳೇ ಹೊಸ ಕಲ್ಲಿನಲ್ಲಿ ಅರೆದು ಕೊಡಬೇಕು, ಅದು ಪದ್ಧತಿ. ಕಲ್ಲಿನ ಕೆಳಗೆ ಕೆಂಡ ಇಟ್ಟರು. ಒಬ್ದೂಲಿಯಾ ಮಂಡಿಯೂರಿ, ಹುರಿದ ಬೀಜ ಹಾಕಿ, ಉದ್ದನೆಯ ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದಳು. ಗುಂಡಿಗೂ ಪಾಲಿಶ್ ಆಗಿತ್ತು. ಬೀಜಗಳು ಚಟಪಟ ಸಿಡಿದು ಊರಿನ ಅಧ್ಯಕ್ಷರ ಹಣೆಗೆ ಬಡಿದವು. ಗುಂಡು ಕೈತಪ್ಪಿ ಅಂಗಳದಲ್ಲಿ ಉರುಳಿ ಟರ್ಕಿ ಕೋಳಿಯನ್ನು ಅಟ್ಟಿಸಿಕೊಂಡು ಹೋಯಿತು. ಕಲ್ಲಿನ ಮೇಲೆ ಒಂದೇ ಒಂದು ಬೀಜ ಉಳಿದಿತ್ತು, ಅದೂ ಇಡಿಯಾಗಿ.

"ಅರೆದು ಅರೆದು ಸವೆದಿರೋ ಕಲ್ಲು ಇದು," ಎಂದಳು ಅಜ್ಜಿ ನಿಧಾನವಾಗಿ. "ಇದರ ಮುಂದೆ ಯಾರು ಮಂಡಿಯೂರಿದ್ರು?"

ಈ ಪ್ರಶ್ನೆಗೆ ಉತ್ತರ ಹುಡುಕಲು ಸಾನ್ ಮೆಲ್ಚೋರ್ ಊರಿನ ಹೆಂಗಸರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನುಣುಪಾದ ಕಲ್ಲೆಂದರೆ ಹಳೆಯ ಕಲ್ಲು. ಹಳೆಯ ಕಲ್ಲೆಂದರೆ ಅದರ ಹಿಂದೆ ಒಬ್ಬಳು ಹೆಂಗಸು. ಫಿದೆನ್ಸಿಯೊ ಪುಯೆಬ್ಲಾದಿಂದ ಭಾರದ ಪೆಟ್ಟಿಗೆ ತಂದದ್ದನ್ನು ಎಲ್ಲರೂ ಕಂಡಿದ್ದರು. ಇಸಾಯಾಸ್ ಇದ್ದದ್ದೂ ಪುಯೆಬ್ಲಾದಲ್ಲಿ. ಒಲೆಯ ಹತ್ತಿರ ಹುಟ್ಟಿದ ಮಾತಿನಲ್ಲಿ ಹುಡುಗನಿಗೆ ಪುಯೆಬ್ಲಾದಲ್ಲಿ ಒಬ್ಬಳು ಇದ್ದಾಳೆ ಎಂದಷ್ಟೇ ಇತ್ತು. ನೀರಿನ ತೊಟ್ಟಿ ದಾಟುವ ಹೊತ್ತಿಗೆ ಅವಳಿಗೆ ಮಕ್ಕಳಾದವು. ಬ್ಯಾಂಡಿನವರ ಬಳಿ ಬಂದಾಗ ಅವಳ ಬಾಯಲ್ಲಿ ಒಂದು ಚಿನ್ನದ ಹಲ್ಲು ಹುಟ್ಟಿತು. ಗೇಟಿನ ಬಳಿ ಅವಳು ಬಸ್ಸನ್ನೇ ಹತ್ತಿಬಿಟ್ಟಿದ್ದಳು.

ಅರ್ನುಲ್ಫೊ ಮುಖ ಕಪ್ಪಿಟ್ಟುಕೊಂಡು ಫಿದೆನ್ಸಿಯೊನ ಬಳಿ ಬಂದ. "ನಿಜ ಹೇಳಿ ಸೆನ್ಯೋರ್ ಫಿದೆನ್ಸಿಯೊ. ಈ ಕಲ್ಲು ಹೀಗಾಗಿದ್ದು ಯಾರ ಕೈಯಿಂದ?"

ಹುಟ್ಟಿದಾಗಿನಿಂದ 'ನೀನು' ಎನ್ನುತ್ತಿದ್ದವನು ಬಹುವಚನಕ್ಕೆ ಏರಿದ್ದನ್ನು ಫಿದೆನ್ಸಿಯೊ ಗೌರವ ಎಂದೇ ತಿಳಿದ. ವಿನಯದಿಂದ ನೆಲ ನೋಡುತ್ತ, "ಆ ಕೈ ಯಾರದು ಅಂತ ಈಗ ಕೇಳ್ಬೇಡ. ಹೆಸರು ಬೇಕಾಗಿ ಮಾಡಿದ್ದಲ್ಲ. ಪ್ರೀತಿಗೆ ಮಾಡಿದ್ದು," ಎಂದ.

ಸುತ್ತ ನಿಂತಿದ್ದ ಹೆಂಗಸರು ಒಟ್ಟಿಗೆ ಎದೆಯ ಮೇಲೆ ಶಿಲುಬೆ ಎಳೆದುಕೊಂಡರು.

ಅದೇ ಹೊತ್ತಿಗೆ ಬಸ್ಸು ಬಂತು. ಇಸಾಯಾಸ್‌ನ ಇಬ್ಬರು ಅತ್ತೆಯರು ಮೊದಲೇ ನಿಲ್ದಾಣದಲ್ಲಿ ಕಾದಿದ್ದರು. ಇಳಿದದ್ದು ಬಾಚಣಿಗೆ, ಪ್ಲಾಸ್ಟಿಕ್ ಬಕೆಟ್ಟು ಮಾರುವ ಹೆಂಗಸು. ಪಾಪ, ಬಾಯಿ ತೆರೆದಳು, ಚಿನ್ನದ ಹಲ್ಲು. ಇಬ್ಬರೂ ಆಚೊಂದು ಈಚೊಂದು ತೋಳು ಹಿಡಿದು ಅವಳನ್ನು ಬಕೆಟ್ಟುಗಳ ಸಮೇತ ಅಂಗಳಕ್ಕೆ ತಂದು ನಿಲ್ಲಿಸಿದರು. ಅಧ್ಯಕ್ಷರು ಹಣೆಯ ಕೊಕೊ ಒರೆಸಿಕೊಂಡು ವಿಚಾರಣೆಗೆ ನಿಂತರು.

"ಎಲ್ಲಿಂದ ಬಂದಿದೀಯಮ್ಮ?"

"ಪುಯೆಬ್ಲಾದಿಂದ."

ಅಂಗಳ ಹೋ ಎಂದಿತು.

"ಮಕ್ಕಳು?"

"ಮೂರು."

"ಗಂಡ ಎಲ್ಲಿ?"

"ಅದನ್ನೇ ನಾನೂ ಹುಡುಕ್ತಿದೀನಿ ಸ್ವಾಮಿ."

ಬೆವರುತ್ತಿದ್ದ ಇಸಾಯಾಸ್‌ನನ್ನು ಮುಂದೆ ತಳ್ಳಿದರು. "ನೋಡು, ಇವನೇನಾ?"

ಅವಳು ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಹಿತ್ತಲಿನಿಂದ ಬರುತ್ತಿದ್ದ ಮಸಾಲೆಯ ಘಮವನ್ನು ಮೂಸಿದಳು. "ಇವನಾ? ಇವನು ನನ್ನ ದೊಡ್ಡ ಮಗನ ವಯಸ್ಸಿನವನು. ಆದ್ರೂ ಊಟ ಹಾಕ್ತೀರಿ ಅಂದ್ರೆ ಸ್ವಲ್ಪ ಯೋಚನೆ ಮಾಡ್ತೀನಿ," ಎಂದಳು.

"ಯೋಚನೆ ಮಾಡ್ತಾಳಂತೆ!" ಎಂದು ಒಬ್ಬಳು ಅತ್ತೆ ಕಿರುಚಿ ಕುರ್ಚಿಗೆ ಕುಸಿದಳು.

ಅರ್ನುಲ್ಫೊ ಟೋಪಿ ಹಾಕಿಕೊಂಡ. "ಒಬ್ದೂಲಿಯಾ, ಏಳು. ಮನೆಗೆ ಹೋಗೋಣ." ಫಿದೆನ್ಸಿಯೊನ ಕಡೆ ತಿರುಗಿದ. "ಗೊತ್ತಿದ್ದಿದ್ರೆ ನನ್ಹತ್ರ ಬಂದು ಕಿವೀಲಿ ಹೇಳ್ಬಾರದಿತ್ತಾ? ಇಡೀ ಊರಿನ ಮುಂದೆ ಕಲ್ಲು ತಂದಿಟ್ಟು ಹೇಳ್ಬೇಕಿತ್ತಾ? ಇನ್ಮೇಲೆ ನನ್ನ ಬಾಗಿಲು ತುಳೀಬೇಡಿ."

ಆಗ ಮಾತ್ರ ಫಿದೆನ್ಸಿಯೊನ ತಲೆಗೆ ಸಂಗತಿ ಇಳಿಯಿತು. ಹುಡುಗಿ ಅಳುತ್ತಿದ್ದಳು. ಅವಳನ್ನು ಅವನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದ್ದ. ಕೊಂಪಾದ್ರೆ ಎಂಬ ಮಾತು ಇನ್ನು ತನ್ನ ಕಿವಿಗೆ ಬೀಳುವುದಿಲ್ಲ ಎನ್ನುವುದಕ್ಕಿಂತ ಆ ಅಳು ಅವನನ್ನು ಚುಚ್ಚಿತು.

"ಅದು ಹೊಸ ಕಲ್ಲು!" ಎಂದು ಕೂಗಿದ. "ಸಂತೇಲಿ ತಂದಿದ್ದು! ಪಾಲಿಶ್ ಹೊಡೆದವನು ನಾನು!"

ಜನ ಅವನನ್ನೇ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹುಡುಗನ್ನ ಉಳಿಸೋಕೆ ಸುಳ್ಳು ಹೇಳ್ತಿದಾನೆ, ಒಳ್ಳೇವನು," ಎಂದರು ಅಧ್ಯಕ್ಷರು.

"ಅರೆಯೋ ಕಲ್ಲಿಗೆ ಯಾರಾದ್ರೂ ಪಾಲಿಶ್ ಹೊಡೀತಾರಾ?" ಎಂದಳು ಅಜ್ಜಿ. "ಅಷ್ಟು ದಡ್ಡ ಭೂಮಿ ಮೇಲೆ ಇಲ್ಲ. ಸಾಕ್ಷಿ ಯಾರು?"

ಸಾಕ್ಷಿ ಹಿತ್ತಲಿನಿಂದ ಬಂತು. ಮದುವೆಯಡುಗೆಗೆಂದು ಇಲ್ಲಿಗೆ ಬಂದು ಬೆಳಗಿನಿಂದ ಮೋಲೆ ಸಾರಿನ ಹಂಡೆಯನ್ನು ತಿರುವುತ್ತಿದ್ದ ಹೊವಿತಾ ಗಲಾಟೆ ಕೇಳಿ ಸೌಟು ಹಿಡಿದೇ ಅಂಗಳಕ್ಕೆ ಬಂದಳು. ಕಲ್ಲನ್ನು ನೋಡಿದಳು. ಗಂಡನನ್ನು ನೋಡಿದಳು.

"ನಾನು ಸಾಕ್ಷಿ," ಎಂದಳು. "ಇದು ಇವನೇ. ಇವನಲ್ಲದೆ ಇನ್ಯಾರೂ ಅಲ್ಲ. ಅಜ್ಜೀ, ನಮ್ಮನೆ ಬಟ್ಟೆ ಒಗೆಯೋ ಕಲ್ಲಿನ ಗೀರೆಲ್ಲ ತೆಗೆದು ನುಣ್ಣಗೆ ಮಾಡಿದಾನೆ. ಅಂಗಿ ಉಜ್ಜಿದ್ರೆ ಅಂಗಿ ಜಾರಿ ಪಕ್ಕದ್ಮನೆಗೆ ಹೋಗುತ್ತೆ. ನನ್ನ ತುರಿಯೋ ಮಣೆ ಹಲ್ಲನ್ನೂ ಸಾಣೆ ಹಿಡಿದ, ಕೈಗೆ ತಾಗುತ್ತೆ ಅಂತ. ಹಬ್ಬಕ್ಕೆ ಹೊಸ ಬೂಟು ತಂದ, ಅಡಿ ನೋಡಿದ, ಗೀರುಗೀರಿದೆ ಅಂತ ಅದನ್ನೂ ಉಜ್ಜಿದ. ಆವತ್ತು ಚರ್ಚಿನ ಬಾಗಿಲಿಂದ ದೇವರ ಪೀಠದವರೆಗೂ ನಡೀದೇನೇ ತಲುಪಿದ!"

ಜನರಿಗೆ ಒಂದೊಂದಾಗಿ ನೆನಪಾಗತೊಡಗಿತು.

"ಹೌದಲ್ಲ! ಆಸ್ಪತ್ರೆ ಮುಂದಿನ ಇಳಿಜಾರು!" ಎಂದ ಡೋಲಿನವನು. "ಕಾಲು ನೋವು ಅಂತ ಹೋದೆ, ಸೊಂಟ ಮುರ್ಕೊಂಡು ಒಳಗೆ ಸೇರಿದೆ."

"ನನ್ನ ಮಚ್ಚಿನ ಹಿಡಿ!" ಎಂದ ಇನ್ನೊಬ್ಬ. "ಚೂಪು ಮಾಡ್ಕೊಡು ಅಂದ್ರೆ ಹಿಡೀನ ಹೊಳಪು ಮಾಡ್ಕೊಟ್ಟ. ಬೀಸಿದ್ರೆ ಮಚ್ಚು ಹೋಗಿ ಮಾವನ ಟೋಪಿ ತಗೊಂಡು ಹೋಯ್ತು."

ಅಧ್ಯಕ್ಷರು ಕೂಡ ಗಂಟಲು ಸರಿಪಡಿಸಿಕೊಂಡರು. ಪಂಚಾಯಿತಿ ಮೆಟ್ಟಿಲಿನ ಮೇಲೆ ತಾವು ರಾಜ್ಯಪಾಲರ ಕಾಲಿಗೆ ಬಿದ್ದದ್ದು ಭಕ್ತಿಯಿಂದ ಅಲ್ಲ, ಫಿದೆನ್ಸಿಯೊನಿಂದ ಎಂದು ಮೊದಲ ಬಾರಿಗೆ ಬಹಿರಂಗವಾಗಿ ಒಪ್ಪಿಕೊಂಡರು. ಸಾಕ್ಷಿಗಳ ಮೇಲೆ ಸಾಕ್ಷಿಗಳು ಎದ್ದು ನಿಂತರು. ಹೀಗೆ ಇಡೀ ಊರು ಒಕ್ಕೊರಲಿನಿಂದ ಫಿದೆನ್ಸಿಯೊ ಶುದ್ಧ ದಡ್ಡನೆಂದು ಸಾರಿತು, ಇಸಾಯಾಸ್ ನಿರಪರಾಧಿಯಾದ. ಬಾಚಣಿಗೆಯವಳಿಗೆ ಕ್ಷಮೆ ಕೇಳಿ ದೊಡ್ಡ ತಟ್ಟೆಯಲ್ಲಿ ಊಟ ಬಡಿಸಿದರು. ಅವಳು ಉಣ್ಣುತ್ತ, ಇಂಥ ಒಳ್ಳೆಯ ಜನರನ್ನು ತಾನು ಎಲ್ಲೂ ಕಂಡಿಲ್ಲ ಎಂದಳು.

ಆದರೆ ಅರ್ನುಲ್ಫೊನ ಟೋಪಿ ತಲೆಯ ಮೇಲೆಯೇ ಇತ್ತು. ಕಲ್ಲು ಇನ್ನೂ ಹೊಳೆಯುತ್ತಿತ್ತು.

ಒಬ್ದೂಲಿಯಾ ಕಣ್ಣೊರೆಸಿಕೊಂಡು ಎದ್ದಳು. ಗಾರೆ ಕೆಲಸದ ಮಾವನೊಬ್ಬನ ಚೀಲದಿಂದ ಉಳಿ ಸುತ್ತಿಗೆ ತಂದು ಫಿದೆನ್ಸಿಯೊನ ಕೈಗೆ ಕೊಟ್ಟಳು. "ಪಾದ್ರಿನೊ, ನನಗೆ ಬೇರೆ ಕಲ್ಲು ಬೇಡ. ಇದನ್ನೇ ಸರಿ ಮಾಡ್ಕೊಡಿ. ಇವತ್ತೇ."

ಫಿದೆನ್ಸಿಯೊ ಮಂಡಿಯೂರಿದ. ಮೀಸೆ ಉದುರಲಿಲ್ಲ. ಒರಟು ಮಾಡುವುದೇನು ಮಹಾ, ನಾಲ್ಕು ಕುಟ್ಟಿದರಾಯಿತು ಎಂದುಕೊಂಡು ನಾಲ್ಕು ಕುಟ್ಟಿದ.

"ಅಷ್ಟು ಆಳ ಬೇಡ!" ಎಂದು ಅಜ್ಜಿ ಕ್ರಿಸಾಂತಾ ಗದರಿದಳು. "ಜೋಳ ಹೋಗಿ ಅಲ್ಲೇ ಸಂಸಾರ ಹೂಡುತ್ತೆ." ಅವನು ಹಗುರವಾಗಿ ಕುಟ್ಟಿದ. "ಇದೇನು ಸೊಳ್ಳೆ ಕಚ್ಚಿದ ಹಾಗೆ! ಗಟ್ಟಿಯಾಗಿ ಹೊಡಿ. ಚುಕ್ಕೆ ಪಕ್ಕ ಚುಕ್ಕೆ ಬರ್ಲಿ. ಒಂದರ ಮೇಲೊಂದು ಬಿದ್ರೆ ಅಲ್ಲಿ ಹಳ್ಳ ಆಗುತ್ತೆ."

ಹೆಂಗಸರೆಲ್ಲ ಸುತ್ತ ಕೂತರು. ಜೋಳಕ್ಕೆ ಒಂದು ಥರ ಬೇಕು ಎಂದಳು ಒಬ್ಬಳು. ಮೆಣಸಿನಕಾಯಿಗೆ ಇನ್ನೂ ಮೊನಚು ಬೇಕು ಎಂದಳು ಮತ್ತೊಬ್ಬಳು. ಕೊಕೊಗೆ ನಡುವೆ ಸಣ್ಣ ಚುಕ್ಕೆ, ಅಂಚಿಗೆ ದಪ್ಪ ಚುಕ್ಕೆ ಎಂದು ಮೂರನೆಯವಳು ಬೆರಳಿನಿಂದ ಬರೆದು ತೋರಿಸಿದಳು. ಅರ್ಧ ಗಂಟೆಯಲ್ಲಿ ಫಿದೆನ್ಸಿಯೊ ಬೆವರಿ ನೀರಾದ. ನುಣುಪು ಮಾಡುವಾಗ ಯಂತ್ರ ತಿರುಗಿಸಿ ಹಾಡು ಹೇಳಿಕೊಂಡು ನಿಂತಿದ್ದವನು ಅವನು. ಇಲ್ಲಿ ಪ್ರತಿ ಪೆಟ್ಟಿಗೂ ಉಸಿರು ಹಿಡಿಯಬೇಕಿತ್ತು. ಇಂಥ ಚುಕ್ಕೆಗಳಿಂದ ಅಂಗೈ ಅಗಲ ಜಾಗವನ್ನು ತುಂಬಿಸಿ, ಕೈಯಾಡಿಸಿ ನೋಡಿದ. ಕೈ ಜಾರಲಿಲ್ಲ, ಕಲ್ಲು ಮೆಲ್ಲಗೆ ಹಿಡಿದುಕೊಂಡಿತು. ಸಂತೆಯಲ್ಲಿದ್ದ ಆ ಕಲ್ಲುಕುಟಿಗ ಇಡೀ ಮೈಗೆ ಹೀಗೆ ಹೊಡೆದಿದ್ದನಲ್ಲ, ಒಂದೂ ಹೆಚ್ಚಿಲ್ಲ ಒಂದೂ ಕಮ್ಮಿಯಿಲ್ಲ ಎಂದು ನೆನೆದು ಅವನಿಗೆ ರೋಮಾಂಚನವಾಯಿತು.

"ಅಜ್ಜೀ, ಇದು ಬಲು ನಾಜೂಕಿನ ಕೆಲಸ," ಎಂದ. "ಇಷ್ಟು ಚೆಂದದ ಒರಟನ್ನ ನಾನು ಕೆರೆದು ಹಾಕ್ಬಿಟ್ಟೆ."

"ಬಾಯಿ ಮುಚ್ಚಿ ಕುಟ್ಟು," ಎಂದಳು ಅಜ್ಜಿ. ಆದರೆ ಅವನ ಪಕ್ಕಕ್ಕೆ ಒಂದು ಲೋಟ ಮೆಸ್ಕಾಲ್ ಸರಿಸಿದಳು.

ಬಿಸಿಲು ಇಳಿಯುವ ಹೊತ್ತಿಗೆ ಗೇಟಿನಲ್ಲಿ ಹೊಸ ಗದ್ದಲ. ನಾಲ್ಕಾರು ಹೆಂಗಸರು ಮನೆಗೆ ಓಡಿ ಸವೆದ ಕಲ್ಲುಗಳನ್ನು ಹೊತ್ತು ತಂದು ಸಾಲು ನಿಂತಿದ್ದರು. ಹೇಗೂ ಕೂತಿದ್ದಾನೆ, ನಮ್ಮದಕ್ಕೂ ನಾಲ್ಕು ಹೊಡೆಯಲಿ ಎಂದು. ಸಾಲಿನ ಮೊದಲಲ್ಲಿ ಹೊವಿತಾ, ಅವನ ಅಜ್ಜಿಯ ಕಲ್ಲಿನೊಂದಿಗೆ.

ಕೊನೆಯ ಚುಕ್ಕೆ ಬಿತ್ತು. ಗುಂಡಿಗೂ ಉಳಿ ಮುಟ್ಟಿಸಿದ್ದಾಯಿತು. ಪದ್ಧತಿಯ ಪ್ರಕಾರ ಹೊಸದಾಗಿ ಕುಟ್ಟಿದ ಕಲ್ಲಿನಲ್ಲಿ ಮೊದಲು ಒಣ ಜೋಳ ಅರೆದು, ಚೆಲ್ಲಿ, ಮತ್ತೆ ಅರೆದು, ಮತ್ತೆ ಚೆಲ್ಲಿ, ಕಲ್ಲಿನ ಪುಡಿ ಹೋಗುವವರೆಗೆ ಕಾಯಬೇಕು. ಬೆಳಗಿನಿಂದ ಚಾಕಲೇಟಿಗಾಗಿ ಕಾದಿದ್ದ ಹಿರಿಯರು ಇನ್ನು ಕಾಯಲು ಸಿದ್ಧರಿರಲಿಲ್ಲ. ಒಬ್ದೂಲಿಯಾ ಕೊಕೊ ಹಾಕಿ ಗುಂಡು ಒತ್ತಿದಳು. ಕಲ್ಲು ಬೀಜವನ್ನು ಹಿಡಿಯಿತು. ಗರಗರ ಸದ್ದು ಅಂಗಳವನ್ನೆಲ್ಲ ತುಂಬಿತು. ಬೀಜ ಒಡೆದು, ಎಣ್ಣೆ ಬಿಟ್ಟು, ಕರಗಿ, ಮಣ್ಣಿನ ಬಣ್ಣದ ಹೊಳೆಯಾಗಿ ಕಲ್ಲಿನ ಮೇಲಿಂದ ಇಳಿಯಿತು. ಫಿದೆನ್ಸಿಯೊ ತನ್ನ ಜೀವಮಾನದಲ್ಲಿ ಅಷ್ಟು ಚೆಂದದ ಸದ್ದು ಕೇಳಿರಲಿಲ್ಲ.

ಬೋಗುಣಿಗಳನ್ನು ಹಂಚಿದರು. ಹಿರಿಯರು ಕುಡಿದರು. ಒಬ್ಬೊಬ್ಬರ ಬಾಯಿಂದಲೂ ಕರಕರ ಸದ್ದು ಬಂತು. ಅಧ್ಯಕ್ಷರು ಮೆಲ್ಲಗೆ ದವಡೆ ಹಿಡಿದುಕೊಂಡರು. ಅಜ್ಜಿ ಕ್ರಿಸಾಂತಾಳ ಬಾಯಲ್ಲಿ ಹಲ್ಲೇ ಇರಲಿಲ್ಲ. ಅವಳು ಬೋಗುಣಿಯನ್ನು ಬರಿದು ಮಾಡಿ, ತುಟಿ ಒರೆಸಿಕೊಂಡು, "ಸೈ," ಎಂದಳು.

ಈಗ ಎಲ್ಲರ ಕಣ್ಣು ಅರ್ನುಲ್ಫೊನ ಮೇಲೆ. ಅವನು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟ. ಗಟಗಟ ಕುಡಿದ. ಬಾಯೊಳಗೆ ನಾಲಿಗೆ ಆಡಿಸಿ ಒಂದು ಕಲ್ಲಿನ ಹರಳನ್ನು ಅಂಗೈಗೆ ಉಗಿದು, ಬೆಳಕಿಗೆ ಹಿಡಿದು ನೋಡಿದ.

"ಕೊಂಪಾದ್ರೆ," ಎಂದ, ಊರೆಲ್ಲ ಕೇಳುವಂತೆ. "ಕಲ್ಲನ್ನ ಮಗಳಿಗೆ ಕೊಡು ಅಂದ್ರೆ ಅರ್ಧ ನನಗೇ ಕುಡಿಸಿದೀಯಲ್ಲೋ!"

ಫಿದೆನ್ಸಿಯೊ ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಹೊವಿತಾ ಕಲ್ಲು ಹೊತ್ತು ನಿಂತಿದ್ದಳು.

"ನಿನ್ನನ್ನೇ ಮುದುಕಾ," ಎಂದಳು ಅವಳು. "ಓ ಅನ್ನು. ಆಮೇಲೆ ಇದನ್ನ ಕುಟ್ಟು."

"ಓ!" ಎಂದ ಫಿದೆನ್ಸಿಯೊ. ಅಂಗಳಕ್ಕೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಅಂದ.